ನರ್ಸ್‌ಗಳ ತಾತ್ಕಾಲಿಕ ಪರ್ಮಿಟ್: ತಡ ಯಾರದು, ಹೊರೆ ಯಾರ ಮೇಲೆ?

ಅಮೆರಿಕದಲ್ಲಿ ನರ್ಸ್ ಕೆಲಸಕ್ಕೆ ಇಡೀ ದೇಶಕ್ಕೆ ಸೇರಿ ಒಂದು ಲೈಸೆನ್ಸ್ ಅಂತ ಇಲ್ಲ. ರಾಜ್ಯಕ್ಕೊಂದು ನರ್ಸಿಂಗ್ ಬೋರ್ಡ್, ಬೋರ್ಡಿಗೊಂದು ನಿಯಮ, ನಿಯಮಕ್ಕೊಂದು ಫಾರಂ. ಟೆಕ್ಸಾಸ್‌ನಲ್ಲಿ ಹತ್ತು ವರ್ಷ ಐಸಿಯು ನೋಡಿಕೊಂಡವರು ಕ್ಯಾಲಿಫೋರ್ನಿಯಾಕ್ಕೆ ಮನೆ ಬದಲಿಸಿದರು ಅಂತಿಟ್ಟುಕೊಳ್ಳಿ. ಅಲ್ಲಿನ ಬೋರ್ಡಿನ ಲೆಕ್ಕದಲ್ಲಿ ಅವರು ಬರೀ ಒಬ್ಬ ಅರ್ಜಿದಾರರು. ಓದಿದ್ದು ಬದಲಾಗಿಲ್ಲ, ಬರೆದ ಪರೀಕ್ಷೆ ಎರಡೂ ರಾಜ್ಯಕ್ಕೆ ಒಂದೇ. ಆದರೂ ಹೊಸ ಲೈಸೆನ್ಸ್ ಬರುವ ತನಕ ರೋಗಿಗೆ ಒಂದು ಮಾತ್ರೆ ಕೊಡುವ ಹಾಗಿಲ್ಲ. ಈ ನಡುವಿನ ದಿನಗಳಿಗಾಗಿ ಇರುವುದೇ ತಾತ್ಕಾಲಿಕ ಪರ್ಮಿಟ್. ಓದು ಮುಗಿಸಿ ಲೈಸೆನ್ಸ್ ಪರೀಕ್ಷೆಗೆ ಕಾಯುವ ಹೊಸಬರಿಗೂ ಇಂಥದ್ದೇ ಒಂದು ಇದೆ.

ಇದನ್ನು ನರ್ಸ್‌ಗಳಿಗೆ ಕೊಟ್ಟ ರಿಯಾಯಿತಿ ಅನ್ನುವ ಹಾಗೆ ಮಾತಾಡುತ್ತಾರೆ. ನನಗೇನೋ ಹಾಗೆ ಕಾಣುವುದಿಲ್ಲ. ರಿಯಾಯಿತಿ ಸಿಕ್ಕಿರುವುದು ಬೋರ್ಡಿಗೆ. ಕಡತ ನೋಡಲು ತನಗೆ ಬೇಕಾದಷ್ಟು ದಿನ ತೆಗೆದುಕೊಳ್ಳಬಹುದು, ಅಷ್ಟರಲ್ಲಿ ಆಸ್ಪತ್ರೆಯಿಂದ ಕೂಗು ಬರದಂತೆ ಒಂದು ಪರ್ಮಿಟ್ ಕೊಟ್ಟು ಕೂರಬಹುದು. ಅದರ ಷರತ್ತು, ಗಡುವು, ಮಧ್ಯದಲ್ಲೇ ರದ್ದಾಗುವ ಭಯ ಮಾತ್ರ ನರ್ಸ್ ಪಾಲಿಗೆ.

ಇದು ಹೇಗೆ ಶುರುವಾಯಿತು ಅಂತ ನೋಡಿದರೆ ಅರ್ಥವಾಗುತ್ತದೆ. ಅಮೆರಿಕದಲ್ಲಿ ನರ್ಸ್‌ಗಳ ನೋಂದಣಿಗೆ ಮೊದಲು ಕಾನೂನು ಮಾಡಿದ್ದು ನಾರ್ತ್ ಕ್ಯಾರೊಲಿನಾ, 1903ರಲ್ಲಿ. ಒಂದೊಂದೇ ರಾಜ್ಯ ಅದೇ ದಾರಿ ಹಿಡಿಯಿತು. ಆಮೇಲೆ ಪರೀಕ್ಷೆ ದೇಶಕ್ಕೆಲ್ಲ ಒಂದೇ ಆಯಿತು. 1978ರಲ್ಲಿ ರಾಜ್ಯ ಬೋರ್ಡುಗಳೆಲ್ಲ ಸೇರಿ ಒಂದು ರಾಷ್ಟ್ರೀಯ ಮಂಡಳಿ ಮಾಡಿಕೊಂಡವು. ಲೈಸೆನ್ಸ್‌ಗಾಗಿ ಎಲ್ಲರೂ ಬರೆಯುವ, ಎನ್‌ಕ್ಲೆಕ್ಸ್ ಅನ್ನುವ ಪರೀಕ್ಷೆಯನ್ನು ಈಗ ನಡೆಸುವುದು ಆ ಮಂಡಳಿಯೇ. 1994ಕ್ಕೆ ಮುಂಚೆ ಈ ಪರೀಕ್ಷೆ ಇದ್ದದ್ದು ವರ್ಷಕ್ಕೆ ಎರಡೇ ಸಲ, ಪೇಪರ್ ಪೆನ್ಸಿಲ್ ಹಿಡಿದು. ಮೇ ತಿಂಗಳಲ್ಲಿ ಓದು ಮುಗಿದರೆ ಜುಲೈ ತನಕ ಕಾಯಬೇಕು. ಬರೆದ ಮೇಲೆ ಫಲಿತಾಂಶಕ್ಕೆ ಮತ್ತಷ್ಟು ವಾರ. ಅಷ್ಟು ದಿನ ಹೊಸಬರನ್ನು ಸುಮ್ನೆ ಮನೆಯಲ್ಲಿ ಕೂರಿಸುವ ಬದಲು ‘ಗ್ರಾಜುಯೇಟ್ ನರ್ಸ್’ ಅನ್ನುವ ಬ್ಯಾಡ್ಜ್ ಹಾಕಿ ವಾರ್ಡಿಗೆ ಕಳಿಸುತ್ತಿದ್ದರು. ಪಕ್ಕದಲ್ಲಿ ಲೈಸೆನ್ಸ್ ಇರುವ ನರ್ಸ್ ಇರಬೇಕಿತ್ತು. ಆ ಕಾಲಕ್ಕೆ ಅದು ನ್ಯಾಯವಾದ ಏರ್ಪಾಡೇ.

1994ರಲ್ಲಿ ಪರೀಕ್ಷೆ ಕಂಪ್ಯೂಟರಿಗೆ ಬಂತು. ಈಗ ಬೋರ್ಡ್ ಒಪ್ಪಿಗೆ ಕೊಟ್ಟ ಮೇಲೆ ಅಭ್ಯರ್ಥಿ ತನಗೆ ಬೇಕಾದ ದಿನ ಗೊತ್ತು ಮಾಡಿಕೊಳ್ಳಬಹುದು. ಪ್ರಶ್ನೆ ಕನಿಷ್ಠ 85, ಗರಿಷ್ಠ 150. ಉತ್ತರ ಹೇಗೆ ಬರುತ್ತದೆ ಅನ್ನುವುದನ್ನು ನೋಡಿ ಮುಂದಿನ ಪ್ರಶ್ನೆಯನ್ನು ಯಂತ್ರವೇ ಆರಿಸುತ್ತದೆ. ಹೆಚ್ಚಿನ ರಾಜ್ಯಗಳಲ್ಲಿ ಎರಡು ಕೆಲಸದ ದಿನ ಕಳೆದರೆ, ಸ್ವಲ್ಪ ದುಡ್ಡು ಕಟ್ಟಿ, ಅನಧಿಕೃತ ಫಲಿತಾಂಶವನ್ನೂ ನೋಡಬಹುದು. ತಿಂಗಳುಗಟ್ಟಲೆ ಕಾಯುವ ಕಾಲ ಮುಗಿಯಿತು ಅಲ್ವಾ? ಹಾಗಾದರೆ ಪರ್ಮಿಟ್ ಕೂಡ ಮುಗಿಯಬೇಕಿತ್ತು. ಎಷ್ಟೋ ರಾಜ್ಯಗಳು ನಿಲ್ಲಿಸಿಯೂ ಬಿಟ್ಟವು. ಇಟ್ಟುಕೊಂಡವುಗಳ ಅವಧಿ ನೋಡಿ. ಟೆಕ್ಸಾಸ್‌ನಲ್ಲಿ ಹೊಸ ಪದವೀಧರರಿಗೆ 75 ದಿನ. ಕ್ಯಾಲಿಫೋರ್ನಿಯಾದಲ್ಲಿ ಆರು ತಿಂಗಳು. ನ್ಯೂಯಾರ್ಕ್‌ನಲ್ಲಿ ಒಂದು ವರ್ಷ. ಬರೆಯುವ ಪರೀಕ್ಷೆ ಮೂರೂ ಕಡೆ ಒಂದೇ, ಫಲಿತಾಂಶ ಬರುವ ವೇಗವೂ ಒಂದೇ. ಪರ್ಮಿಟ್ ಮಾತ್ರ ಒಂದರದ್ದು ಇನ್ನೊಂದರ ಹತ್ತಿರಹತ್ತಿರ ಐದು ಪಟ್ಟು. ನರ್ಸ್‌ಗಳಲ್ಲಿ ಅಷ್ಟು ವ್ಯತ್ಯಾಸ ಇರಲಿಕ್ಕೆ ಸಾಧ್ಯವೇ ಇಲ್ಲ.

ಈ ಪರ್ಮಿಟ್ ಹಿಡಿದು ಏನೇನು ಮಾಡಬಹುದು? ಟೆಕ್ಸಾಸ್ ನಿಯಮ ಸ್ಪಷ್ಟವಾಗಿದೆ. ಲೈಸೆನ್ಸ್ ಇರುವ ನರ್ಸ್ ಅದೇ ಜಾಗದಲ್ಲಿ ಖುದ್ದಾಗಿ ಇರಬೇಕು, ಫೋನಿನಲ್ಲಿ ಸಿಗುತ್ತಾರೆ ಅಂದರೆ ಆಗದು. ಹೊಸಬರನ್ನು ಚಾರ್ಜ್ ನರ್ಸ್, ಅಂದರೆ ಪಾಳಿಯ ಹೊಣೆ ಹೊರುವ ನರ್ಸ್, ಮಾಡುವ ಹಾಗಿಲ್ಲ. ಒಬ್ಬರೇ ರೋಗಿಯ ಮನೆಗೆ ಹೋಗಿ ನೋಡುವಂಥ ಸ್ವತಂತ್ರ ಕೆಲಸಕ್ಕೂ ಹಾಕುವಂತಿಲ್ಲ. ಕಾಗದದ ಮೇಲೆ ಇದೆಲ್ಲ ಸರಿ. ಆದರೆ ಜನ ಕಮ್ಮಿ ಇರುವ ರಾತ್ರಿ ಪಾಳಿಯಲ್ಲಿ ಆ ‘ಪಕ್ಕದ ನರ್ಸ್’ ತನ್ನ ಪಾಲಿನ ರೋಗಿಗಳ ಜೊತೆಗೆ ಇವರ ರೋಗಿಗಳ ಮೇಲೂ ಕಣ್ಣಿಡಬೇಕು. ಏನಾದರೂ ಎಡವಟ್ಟಾದರೆ ತನ್ನ ಲೈಸೆನ್ಸ್‌ಗೂ ಪ್ರಶ್ನೆ ಬರುತ್ತದೆ ಅನ್ನುವುದು ಅವರಿಗೂ ಗೊತ್ತು. ಪರ್ಮಿಟ್‌ನ ಹೊರೆ ಹೀಗೆ ಅರ್ಜಿ ಹಾಕದವರ ಹೆಗಲಿಗೂ ಹೋಗುತ್ತದೆ.

ಇನ್ನು ಪರೀಕ್ಷೆಯಲ್ಲಿ ಫೇಲಾದರೆ? ಕ್ಯಾಲಿಫೋರ್ನಿಯಾದಲ್ಲಿ ಪರ್ಮಿಟ್ ತಕ್ಷಣ ಸತ್ತ ಹಾಗೆ. ನ್ಯೂಯಾರ್ಕ್‌ನಲ್ಲಿ ಫೇಲಾದ ಸುದ್ದಿ ತಲುಪಿದ ಮೇಲೆ ಹತ್ತು ದಿನ. ನಿನ್ನೆ ತನಕ ಇಂಜೆಕ್ಷನ್ ಕೊಡುತ್ತಿದ್ದವರು ಇವತ್ತು ಆ ವಾರ್ಡಿನಲ್ಲಿ ಯಾರೂ ಅಲ್ಲ. ಕೆಲವು ಆಸ್ಪತ್ರೆಗಳು ಸಹಾಯಕರ ಕೆಲಸಕ್ಕೆ ಇಳಿಸಿ ಇಟ್ಟುಕೊಳ್ಳುತ್ತವೆ, ಕೆಲವು ಮನೆಗೆ ಕಳಿಸುತ್ತವೆ. ಪರೀಕ್ಷೆ ಬೇಗ ಬರೆಯುವ ಅವಕಾಶ ಇರುವಾಗ, ಪರೀಕ್ಷೆಗೆ ಮೊದಲು ಕೊಡುವ ಪರ್ಮಿಟ್ ಈಗ ಬೇಡ ಅನ್ನುವುದು ನನ್ನ ಅಭಿಪ್ರಾಯ. ಪರೀಕ್ಷೆಗೆ ಕೂರಲು ಬೋರ್ಡ್ ಕೊಡಬೇಕಾದ ಒಪ್ಪಿಗೆ ಬೇಗ ಬಂದರೆ ಅದರ ಅಗತ್ಯವೇ ಬೀಳುವುದಿಲ್ಲ.

ನಿಜವಾದ ಜಗಳ ಇರುವುದು ಎರಡನೇ ಬಗೆಯ ಪರ್ಮಿಟ್‌ನಲ್ಲಿ. ಒಂದು ರಾಜ್ಯದ ಲೈಸೆನ್ಸ್ ಇಟ್ಟುಕೊಂಡು ಇನ್ನೊಂದು ರಾಜ್ಯದಲ್ಲಿ ಕೇಳುವುದು. ಇದಕ್ಕೆ ಅಲ್ಲಿ ಎಂಡಾರ್ಸ್‌ಮೆಂಟ್ ಅನ್ನುತ್ತಾರೆ. ಇವರು ಪರೀಕ್ಷೆ ಪಾಸಾದವರು, ಕೆಲಸ ಗೊತ್ತಿರುವವರು. ಕ್ಯಾಲಿಫೋರ್ನಿಯಾ ಇವರಿಗೆ ಆರು ತಿಂಗಳ ತಾತ್ಕಾಲಿಕ ಲೈಸೆನ್ಸ್ ಕೊಡುತ್ತದೆ, ಟೆಕ್ಸಾಸ್ 120 ದಿನದ್ದು. ಅಷ್ಟು ದಿನ ಬೋರ್ಡ್ ಏನು ಮಾಡುತ್ತಿರುತ್ತದೆ?

ಹಳೆಯ ಲೈಸೆನ್ಸ್ ಅಸಲಿಯೇ, ಅದರ ಮೇಲೆ ಶಿಸ್ತುಕ್ರಮ ಏನಾದರೂ ಇದೆಯೇ ಅಂತ ನೋಡಬೇಕು. ರಾಷ್ಟ್ರೀಯ ಮಂಡಳಿಯ ‘ನರ್ಸಿಸ್’ ಅನ್ನುವ ದತ್ತಾಂಶ ಜಾಲದಲ್ಲಿ ಇದು ನಿಮಿಷದ ಕೆಲಸ. ಓದಿದ ಕಾಲೇಜಿನಿಂದ ಅಂಕಪಟ್ಟಿ ನೇರವಾಗಿ ಬರಬೇಕು. ಇಲ್ಲಿ ಕಾಲೇಜಿನ ಗುಮಾಸ್ತರ ದಯೆ. ಮೂರನೆಯದು ಬೆರಳಚ್ಚು, ದಿನಗಳು ಕರಗುವುದು ಹೆಚ್ಚಾಗಿ ಇಲ್ಲೇ.

ಅಪರಾಧ ಹಿನ್ನೆಲೆ ನೋಡಲು ಬೆರಳಚ್ಚು ಬೇಕೇ ಬೇಕು. ಕ್ಯಾಲಿಫೋರ್ನಿಯಾದ ಒಳಗೇ ಇದ್ದರೆ ಗಾಜಿನ ಮೇಲೆ ಬೆರಳಿಟ್ಟು ಕೊಡುವ ಲೈವ್ ಸ್ಕ್ಯಾನ್ ಸಿಗುತ್ತದೆ. ಹೊರಗಿನ ರಾಜ್ಯದಲ್ಲಿ ಕೂತು ಅರ್ಜಿ ಹಾಕುವವರು ಕಾರ್ಡಿನ ಮೇಲೆ ಬೆರಳಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸಬೇಕು. ಈಗ ಒಬ್ಬ ನರ್ಸಿನ ಕೈ ನೋಡಿ. ಒಂದು ಪಾಳಿಯಲ್ಲಿ ಎಷ್ಟು ಸಲ ಸೋಪು, ಎಷ್ಟು ಸಲ ಸ್ಯಾನಿಟೈಸರ್! ವರ್ಷಗಟ್ಟಲೆ ಹೀಗೆ ಉಜ್ಜಿದ ಬೆರಳತುದಿಯ ಗೆರೆಗಳು ಸವೆದು ಮಸುಕಾಗಿರುತ್ತವೆ. ಕಾರ್ಡು ‘ಓದಲು ಬರುತ್ತಿಲ್ಲ’ ಅಂತ ವಾಪಸ್ ಬರುತ್ತದೆ. ಇನ್ನೊಂದು ಕಾರ್ಡು, ಇನ್ನೊಂದು ಅಂಚೆ, ಮತ್ತೆ ಸಾಲಿನ ಹಿಂದೆ. ಕೈ ತೊಳೆಯುವುದು ಈ ವೃತ್ತಿಯ ಮೊದಲ ಪಾಠ. ಅದನ್ನು ಚೆನ್ನಾಗಿ ಪಾಲಿಸಿದವರಿಗೇ ಕಡತದಲ್ಲಿ ತಡ.

ಬೇರೆ ದೇಶದಲ್ಲಿ ಓದಿದವರ ಕಥೆ ಇದಕ್ಕಿಂತ ಉದ್ದ. ಓದು ಅಮೆರಿಕದ ಮಟ್ಟಕ್ಕೆ ಸಮ ಅನ್ನುವ ಮೌಲ್ಯಮಾಪನ, ಓದಿದ ದೇಶದ ನರ್ಸಿಂಗ್ ಕೌನ್ಸಿಲ್ ನೇರವಾಗಿ ಕಳಿಸುವ ದೃಢೀಕರಣ, ಇಂಗ್ಲಿಷ್ ಪರೀಕ್ಷೆ, ಮೇಲಿಂದ ವೀಸಾಗೆ 1996ರ ವಲಸೆ ಕಾನೂನು ಕೇಳುವ ಪ್ರತ್ಯೇಕ ಪ್ರಮಾಣಪತ್ರ. ಇವರ ಅರ್ಜಿ ಎರಡು ದೇಶದ ಕಚೇರಿಗಳ ನಿಧಾನವನ್ನು ಸಹಿಸಬೇಕು. ಅದರ ಪೂರ್ತಿ ಲೆಕ್ಕ ಹಿಡಿಯಲು ಬೇರೆಯೇ ಲೇಖನ ಬೇಕು, ಇಲ್ಲಿಗೆ ಬಿಡೋಣ.

ತಡ ಎಷ್ಟು ಅನ್ನುವುದಕ್ಕೆ ಒಂದು ಗಟ್ಟಿ ಲೆಕ್ಕ ಇದೆ. ಅಮೆರಿಕದ ಸಾರ್ವಜನಿಕ ರೇಡಿಯೋ ಎನ್‌ಪಿಆರ್ 32 ರಾಜ್ಯಗಳ ದಾಖಲೆ ತೆಗೆದು ನೋಡಿ 2022ರಲ್ಲಿ ವರದಿ ಮಾಡಿತು. 2021ರಲ್ಲಿ ಹೊಸ ಲೈಸೆನ್ಸ್ ಪಡೆದ ನರ್ಸ್‌ಗಳಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಜನ ಕನಿಷ್ಠ ಮೂರು ತಿಂಗಳು ಕಾದಿದ್ದರು. ಹತ್ತರಲ್ಲಿ ಸುಮಾರು ಒಬ್ಬರು ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು. ಕೋವಿಡ್ ನಡುವೆ, ವಾರ್ಡುಗಳಲ್ಲಿ ಜನ ಇಲ್ಲ ಅಂತ ಆಸ್ಪತ್ರೆಗಳು ಬಾಯಿ ಬಡಿದುಕೊಳ್ಳುತ್ತಿದ್ದ ವರ್ಷದ ಮಾತಿದು.

ಅದೇ ಕೋವಿಡ್ ಇನ್ನೊಂದು ವಿಷಯವನ್ನೂ ಹೊರಗೆ ಹಾಕಿತು. 2020ರ ವಸಂತದಲ್ಲಿ ಎಷ್ಟೋ ರಾಜ್ಯಗಳ ಗವರ್ನರ್‌ಗಳು ಒಂದು ಆದೇಶಕ್ಕೆ ಸಹಿ ಹಾಕಿ, ಬೇರೆ ರಾಜ್ಯದ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಸಾಕು ಅಂದುಬಿಟ್ಟರು. ಬ್ರಿಟನ್‌ನಲ್ಲಿ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಮಾರ್ಚ್ 2020ರಲ್ಲಿ ತಾತ್ಕಾಲಿಕ ರಿಜಿಸ್ಟರ್ ತೆರೆದು, ಇತ್ತೀಚೆಗೆ ವೃತ್ತಿ ಬಿಟ್ಟಿದ್ದವರನ್ನು ವಾಪಸ್ ಕರೆಯಿತು. ತಿಂಗಳುಗಟ್ಟಲೆ ಬೇಕು ಅನ್ನುತ್ತಿದ್ದ ತಪಾಸಣೆ ದಿನಗಳಲ್ಲಿ ಮುಗಿಯಿತು. ತುರ್ತಿನಲ್ಲಿ ಕೆಲವು ತಪಾಸಣೆ ಬಿಟ್ಟಿದ್ದೂ ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಬಿಡಬಾರದ ತಪಾಸಣೆ ಯಾವುದು, ಬರೀ ರೂಢಿಯಿಂದ ನಡೆದು ಬಂದದ್ದು ಯಾವುದು ಅಂತ ವಿಂಗಡಿಸಲು ಅಂಥ ಅವಕಾಶ ಮತ್ತೆ ಸಿಗುವುದಿಲ್ಲ. ತುರ್ತು ಮುಗಿದ ಮೇಲೆ ಹೆಚ್ಚಿನ ಬೋರ್ಡುಗಳು ಸೀದಾ ಹಳೆಯ ಫಾರಂಗೇ ಹಿಂತಿರುಗಿದವು.

‘ತಡವಾದರೂ ಪರವಾಗಿಲ್ಲ, ರೋಗಿಯ ಸುರಕ್ಷತೆ ಮುಖ್ಯ’ ಅನ್ನುವ ವಾದ ಇದೆ. ತಳ್ಳಿಹಾಕುವಂಥದ್ದಲ್ಲ. ಚಾರ್ಲ್ಸ್ ಕಲೆನ್ ಹೆಸರು ಅಲ್ಲಿನ ನರ್ಸ್‌ಗಳಿಗೆಲ್ಲ ಗೊತ್ತು. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಹದಿನಾರು ವರ್ಷ ನರ್ಸ್ ಆಗಿದ್ದ. ರೋಗಿಗಳನ್ನು ಕೊಂದ ಆರೋಪದ ಮೇಲೆ 2003ರ ಡಿಸೆಂಬರಿನಲ್ಲಿ ಸಿಕ್ಕಿಬಿದ್ದ, ಆಮೇಲೆ ತಪ್ಪೊಪ್ಪಿಕೊಂಡ. ಒಂದು ಆಸ್ಪತ್ರೆಯಲ್ಲಿ ಅನುಮಾನ ಬಂದರೆ ಇನ್ನೊಂದಕ್ಕೆ ಹೋಗುತ್ತಿದ್ದ, ಹಳೆಯವರು ಹೊಸಬರಿಗೆ ಹೇಳುತ್ತಿರಲಿಲ್ಲ. ಹೀಗಾಗಿ 2005ರಲ್ಲಿ ನ್ಯೂಜೆರ್ಸಿ ಇಂಥ ಮಾಹಿತಿ ಹಂಚಿಕೊಳ್ಳಲೇಬೇಕು ಅಂತ ಕಾನೂನು ಮಾಡಿತು. ಗಮನಿಸಿ, ಅವನ ಹತ್ತಿರ ಪಕ್ಕಾ ಲೈಸೆನ್ಸ್ ಇತ್ತು. ಕೊರತೆ ಇದ್ದದ್ದು ಮಾಹಿತಿಯದ್ದು.

ಇನ್ನೊಂದು ಪ್ರಕರಣ ತೀರಾ ಇತ್ತೀಚಿನದು. 2023ರ ಜನವರಿಯಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಗಳು ‘ಆಪರೇಷನ್ ನೈಟಿಂಗೇಲ್’ ಬಗ್ಗೆ ಪ್ರಕಟಿಸಿದವು. ಫ್ಲೋರಿಡಾದ ಕೆಲವು ನರ್ಸಿಂಗ್ ಶಾಲೆಗಳಿಂದ 7,600ಕ್ಕೂ ಹೆಚ್ಚು ನಕಲಿ ಡಿಪ್ಲೊಮಾಗಳು ಮಾರಾಟವಾಗಿದ್ದವು. ಕೊಂಡವರಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಜನ ಎನ್‌ಕ್ಲೆಕ್ಸ್ ಪಾಸಾದರು, ಬೇರೆ ಬೇರೆ ರಾಜ್ಯಗಳಲ್ಲಿ ಲೈಸೆನ್ಸ್ ಪಡೆದರು. ಅಂಕಪಟ್ಟಿ ‘ಶಾಲೆಯಿಂದಲೇ ನೇರವಾಗಿ’ ಬಂದಿತ್ತು, ಶಾಲೆಯೇ ಮೋಸದಲ್ಲಿ ಇದ್ದ ಕಾರಣ. ಪ್ರಾಮಾಣಿಕರನ್ನು ತಿಂಗಳುಗಟ್ಟಲೆ ಕಾಯಿಸುವ ಅದೇ ಕಿಟಕಿಯಿಂದ ಇವರೂ ದಾಟಿ ಹೋದರು. ನಿಧಾನವಾಗಿ ನೋಡುವುದು ಬೇರೆ, ಸರಿಯಾಗಿ ನೋಡುವುದು ಬೇರೆ.

ಹಾಗಾದರೆ ಪರ್ಮಿಟ್ ಬದಲು ಏನು? ರಾಜ್ಯಗಳು ಕಂಡುಕೊಂಡ ಒಂದು ಉತ್ತರ ನರ್ಸ್ ಲೈಸೆನ್ಸರ್ ಕಾಂಪ್ಯಾಕ್ಟ್. ಒಪ್ಪಂದಕ್ಕೆ ಸೇರಿದ ರಾಜ್ಯದಲ್ಲಿ ವಾಸ ಇರುವ ನರ್ಸಿಗೆ ಬಹುರಾಜ್ಯ ಲೈಸೆನ್ಸ್ ಸಿಗುತ್ತದೆ, ಅದು ಸೇರಿದ ಎಲ್ಲ ರಾಜ್ಯಗಳಲ್ಲೂ ನಡೆಯುತ್ತದೆ. 2018ರ ಜನವರಿಯಲ್ಲಿ ಹೊಸ ರೂಪದಲ್ಲಿ ಜಾರಿಗೆ ಬಂತು. ಆಗಿನಿಂದ ಬೆರಳಚ್ಚು ಕೊಟ್ಟು ಕೇಂದ್ರ ಮಟ್ಟದ ಅಪರಾಧ ತಪಾಸಣೆ ಕಡ್ಡಾಯ. ಈಗ 40ಕ್ಕೂ ಹೆಚ್ಚು ರಾಜ್ಯ ಮತ್ತು ಪ್ರದೇಶಗಳು ಸೇರಿವೆ. ಒಂದು ವಿಷಯ ಮಾತ್ರ ಹಲವರು ತಪ್ಪು ತಿಳಿಯುತ್ತಾರೆ. ಬಹುರಾಜ್ಯ ಲೈಸೆನ್ಸ್ ಇದ್ದರೆ ಎಲ್ಲಿ ಮನೆ ಮಾಡಿದರೂ ಆಯಿತು ಅಂತಲ್ಲ. ಒಂದು ಕಾಂಪ್ಯಾಕ್ಟ್ ರಾಜ್ಯದಿಂದ ಇನ್ನೊಂದಕ್ಕೆ ಕಾಯಂ ವಾಸ ಬದಲಿಸಿದರೆ 60 ದಿನದೊಳಗೆ ಹೊಸ ರಾಜ್ಯದಲ್ಲಿ ಅರ್ಜಿ ಹಾಕಬೇಕು. 2024ರ ಜನವರಿಯಿಂದ ಈ ನಿಯಮ ಇದೆ.

ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಎರಡೂ ಹೊರಗೇ ಉಳಿದಿವೆ. ನರ್ಸ್ ಸಂಘಟನೆ ನ್ಯಾಷನಲ್ ನರ್ಸಸ್ ಯುನೈಟೆಡ್ ಕಾಂಪ್ಯಾಕ್ಟ್‌ಗೆ ವಿರುದ್ಧ. ರಾಜ್ಯದ ಮಟ್ಟ ಸಡಿಲವಾಗುತ್ತದೆ, ಮುಷ್ಕರ ಆದಾಗ ಹೊರಗಿನಿಂದ ಜನ ತರುವುದು ಆಸ್ಪತ್ರೆ ಮಾಲೀಕರಿಗೆ ಸುಲಭವಾಗುತ್ತದೆ ಅನ್ನುವುದು ಅಂಥ ವಿರೋಧದ ಹಿಂದಿನ ಅಳುಕು. ಎರಡನೆಯದನ್ನು ನಾನು ಒಪ್ಪುತ್ತೇನೆ, ಅದು ನಿಜವಾದ ಚಿಂತೆ. ಮೊದಲನೆಯದು ಅಷ್ಟು ಗಟ್ಟಿಯಲ್ಲ. ಪರೀಕ್ಷೆ ಎಲ್ಲ ಕಡೆ ಒಂದೇ ಆಗಿರುವಾಗ ಮಟ್ಟ ಬೇರೆಯಾಗುವುದು ಎಲ್ಲಿ?

ಲೈಸೆನ್ಸ್ ರಿನ್ಯೂವಲ್‌ನಲ್ಲಿ ಅಂತ ಕೆಲವರು ಹೇಳಬಹುದು. ಸರಿ, ಅದನ್ನೂ ನೋಡೋಣ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ, 30 ಗಂಟೆ ಮುಂದುವರಿದ ಶಿಕ್ಷಣ, ಅಂದರೆ ಕೆಲಸದಲ್ಲಿದ್ದುಕೊಂಡೇ ಮಾಡುವ ಕಲಿಕೆ, ಬೇಕು, ಸರ್ಟಿಫಿಕೇಟುಗಳನ್ನು ನಾಲ್ಕು ವರ್ಷ ಇಟ್ಟುಕೊಂಡಿರಬೇಕು. ಟೆಕ್ಸಾಸ್‌ನಲ್ಲೂ ಎರಡು ವರ್ಷ, ಗಂಟೆ 20. ಓಹಾಯೊ 24 ಗಂಟೆ ಕೇಳುತ್ತದೆ, ಅದರಲ್ಲಿ ಒಂದು ಗಂಟೆ ಓಹಾಯೊ ಕಾನೂನಿನ ಬಗ್ಗೆಯೇ ಇರಬೇಕು. ನ್ಯೂಯಾರ್ಕ್‌ನಲ್ಲಿ ಲೈಸೆನ್ಸ್ ಜೀವನಪೂರ್ತಿ, ನೋಂದಣಿ ಮಾತ್ರ ಮೂರು ವರ್ಷಕ್ಕೊಮ್ಮೆ. ಅರಿಜೋನಾ ನಾಲ್ಕು ವರ್ಷಕ್ಕೊಮ್ಮೆ ಕರೆದು, ಕಳೆದ ಐದು ವರ್ಷದಲ್ಲಿ 960 ಗಂಟೆ ಕೆಲಸ ಮಾಡಿದ್ದೀರಾ ಅಂತ ಕೇಳುತ್ತದೆ. ಕೊಲರಾಡೊ, ವಿಸ್ಕಾನ್ಸಿನ್ ಸಾಮಾನ್ಯ ನರ್ಸ್‌ಗಳಿಗೆ ಶಿಕ್ಷಣದ ಗಂಟೆಗಳನ್ನೇ ಕೇಳುವುದಿಲ್ಲ. ಕೊಲರಾಡೊದ ಆಸ್ಪತ್ರೆಗೆ ಹೋಗಲು ಅದಕ್ಕಾಗಿ ಯಾರೂ ಹೆದರಿದ್ದನ್ನು ನಾನು ಕೇಳಿಲ್ಲ.

ಆ ಗಂಟೆಗಳನ್ನು ಹೇಗೆ ತುಂಬುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಕಡೆಯ ವಾರ, ಪಾಳಿ ಮುಗಿಸಿ ಬಂದು ಕಂಪ್ಯೂಟರ್ ಮುಂದೆ ಕೂರುವುದು. ಒಂದು ಪಿಡಿಎಫ್ ತೆರೆಯುವುದು, ಓದದೆ ಕೆಳಗೆ ಜಾರಿಸುವುದು, ಪ್ರಶ್ನೆಗಳಿಗೆ ಉತ್ತರ ಒತ್ತುವುದು. ತಪ್ಪಾದರೆ ಮತ್ತೆ ಒತ್ತಬಹುದು, ಸರಿಯಾಗುವ ತನಕ. ಕೊನೆಗೆ ಸರ್ಟಿಫಿಕೇಟ್ ಬರುತ್ತದೆ. ಮಕ್ಕಳ ವಾರ್ಡಿನ ನರ್ಸ್ ವೃದ್ಧರ ಗಾಯದ ಆರೈಕೆ ಬಗ್ಗೆ ಮಾಡಿದರೂ ಗಂಟೆ ಗಂಟೆಯೇ. 2009ರಲ್ಲೇ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, ಆರೋಗ್ಯ ವೃತ್ತಿಗಳ ಮುಂದುವರಿದ ಶಿಕ್ಷಣದ ವ್ಯವಸ್ಥೆಯಲ್ಲೇ ದೊಡ್ಡ ಕೊರತೆಗಳಿವೆ ಅಂದಿತ್ತು. ಗಂಟೆ ಎಣಿಸುವುದು ಇನ್ನೂ ನಿಂತಿಲ್ಲ. ಎಣಿಸುವುದು ಸುಲಭ, ಅದಕ್ಕೆ.

ಬ್ರಿಟನ್ 2016ರ ಏಪ್ರಿಲ್‌ನಿಂದ ಬೇರೆ ದಾರಿ ಹಿಡಿದಿದೆ. ಮೂರು ವರ್ಷಕ್ಕೊಮ್ಮೆ 450 ಗಂಟೆ ಕೆಲಸ, 35 ಗಂಟೆ ಕಲಿಕೆ. ಅದರಲ್ಲಿ 20 ಗಂಟೆ ಬೇರೆಯವರ ಜೊತೆ ಸೇರಿ ಕಲಿತದ್ದಾಗಿರಬೇಕು, ಒಬ್ಬರೇ ಪರದೆ ಮುಂದೆ ಕೂತದ್ದು ಆ 20ರ ಲೆಕ್ಕಕ್ಕಿಲ್ಲ. ಕೆಲಸದ ಬಗ್ಗೆ ಬಂದ ಐದು ಅಭಿಪ್ರಾಯ, ತನ್ನ ಅನುಭವದ ಮೇಲೆ ಬರೆದ ಐದು ಟಿಪ್ಪಣಿ, ಆ ಟಿಪ್ಪಣಿಗಳನ್ನಿಟ್ಟುಕೊಂಡು ಇನ್ನೊಬ್ಬ ನೋಂದಾಯಿತ ನರ್ಸ್ ಜೊತೆ ಕೂತು ಮಾತು. ಇದರಲ್ಲೂ ಕಾಟಾಚಾರಕ್ಕೆ ಬರೆಯುವವರು ಇರುತ್ತಾರೆ, ಬಿಡಿ. ಆದರೂ ಕನಿಷ್ಠ ಒಬ್ಬ ಸಹೋದ್ಯೋಗಿ ಎದುರು ಕೂತು ‘ಆವತ್ತು ನೀನು ಯಾಕೆ ಹಾಗೆ ಮಾಡಿದೆ?’ ಅಂತ ಕೇಳುತ್ತಾರೆ. ಪಿಡಿಎಫ್ ಅದನ್ನು ಕೇಳುವುದಿಲ್ಲ.

ರಿನ್ಯೂವಲ್ ತಪ್ಪಿದರೆ ಆಗುವ ಅನಾಹುತ ನಿಯಮಗಳನ್ನು ಓದಿದರೆ ಗೊತ್ತಾಗುವುದಿಲ್ಲ, ಪಾಳಿ ನೋಡಿದರೆ ಗೊತ್ತಾಗುತ್ತದೆ. ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಮುಗಿಯುವುದು ಹುಟ್ಟಿದ ತಿಂಗಳ ಕೊನೆಯ ದಿನ. ಆ ಸಂಜೆ ಏಳಕ್ಕೆ ಡ್ಯೂಟಿ ಹತ್ತಿದವರು ಬೆಳಿಗ್ಗೆ ಏಳರ ತನಕ ಇರಬೇಕು. ರಾತ್ರಿ ಹನ್ನೆರಡಾಯಿತು. ರಿನ್ಯೂವಲ್ ಮರೆತಿದ್ದರೆ ಆ ಕ್ಷಣದಿಂದ ಅವರು ಲೈಸೆನ್ಸ್ ಇಲ್ಲದೆ ಕೆಲಸ ಮಾಡುತ್ತಿರುವವರು. ಹನ್ನೆರಡಕ್ಕೆ ಮುಂಚೆ ಹಚ್ಚಿದ ಡ್ರಿಪ್ ಅದೇ, ಹಾಸಿಗೆಯಲ್ಲಿರುವ ರೋಗಿ ಅವರೇ. ಒಂದು ಗಂಟೆಗೆ ಕೊಟ್ಟ ಔಷಧಿ ಮಾತ್ರ ಕಾನೂನುಬಾಹಿರ. ಗೊತ್ತಾದ ಮೇಲೆ ಮ್ಯಾನೇಜರ್ ಅವರನ್ನು ಡ್ಯೂಟಿ ಪಟ್ಟಿಯಿಂದ ತೆಗೆಯುತ್ತಾರೆ, ಸಂಬಳ ನಿಲ್ಲುತ್ತದೆ, ವಿಮೆಯವರು ಆ ಗಂಟೆಗಳ ಬಗ್ಗೆ ತಕರಾರು ತೆಗೆಯಬಹುದು. ಬೋರ್ಡ್ ದಂಡ ಹಾಕಿದರೆ ಮುಂದೆ ಬೇರೆ ರಾಜ್ಯದ ಫಾರಂನಲ್ಲಿ ‘ಶಿಸ್ತುಕ್ರಮ ಆಗಿದೆಯೇ?’ ಅನ್ನುವ ಪ್ರಶ್ನೆಗೆ ಹೌದು ಅಂತ ಬರೆಯಬೇಕಾಗುತ್ತದೆ. ನರ್ಸಿಸ್‌ನಲ್ಲಿ ಹೆಸರು ಕೊಟ್ಟರೆ ರಿನ್ಯೂವಲ್ ನೆನಪಿನ ಸಂದೇಶ ಪುಕ್ಕಟೆ ಬರುತ್ತದೆ. ಅಲ್ಲಿ ಕೆಲಸ ಮಾಡುವ ಯಾರಾದರೂ ಇದನ್ನು ಓದುತ್ತಿದ್ದರೆ, ಇವತ್ತೇ ಕೊಟ್ಟುಬಿಡಿ.

ಈಗ ಒಂದು ವಿಚಿತ್ರ ಸಂಗತಿ. ಟೆಕ್ಸಾಸ್‌ನಲ್ಲಿ ನಾಲ್ಕು ವರ್ಷ ಅಥವಾ ಹೆಚ್ಚು ಕಾಲ ಕೆಲಸ ಬಿಟ್ಟಿದ್ದ ನರ್ಸ್ ವಾಪಸ್ ಬರಬೇಕಾದರೆ ರಿಫ್ರೆಶರ್ ಕೋರ್ಸ್ ಮಾಡಬೇಕು, ಅದಕ್ಕೆ ಆರು ತಿಂಗಳ ತಾತ್ಕಾಲಿಕ ಪರ್ಮಿಟ್ ಕೊಡುತ್ತಾರೆ. ಆ ಪರ್ಮಿಟ್‌ನಲ್ಲಿ ಆಗುವುದು ಕಲಿಕೆ. ಹಿರಿಯ ನರ್ಸ್ ಕಣ್ಣೆದುರು ಮತ್ತೆ ಕೈ ಕುದುರಿಸಿಕೊಳ್ಳುವುದು. ಇಡೀ ವ್ಯವಸ್ಥೆಯಲ್ಲಿ ಪರ್ಮಿಟ್‌ಗೆ ನಿಜವಾದ ಅರ್ಥ ಇರುವ ಜಾಗ ಇದೇ ಅನ್ನಿಸುತ್ತದೆ. ಇಲ್ಲಿ ಕಾಯುವಿಕೆ ನರ್ಸ್ ಸಲುವಾಗಿ ಇದೆ, ಕಡತದ ಸಲುವಾಗಿ ಅಲ್ಲ.

ಎಂಡಾರ್ಸ್‌ಮೆಂಟ್‌ಗೆ ಬೇಕಾದ ತತ್ವವೂ ಅವರ ಕಾನೂನಿನಲ್ಲೇ ಇದೆ. ಟೆಕ್ಸಾಸ್‌ನ ಆಡಳಿತ ಕಾನೂನು, ಅಮೆರಿಕದ ಕೇಂದ್ರ ಆಡಳಿತ ಕಾನೂನು ಎರಡರಲ್ಲೂ ಒಂದು ಮಾತಿದೆ. ಲೈಸೆನ್ಸ್ ಇರುವವರು ಸಮಯಕ್ಕೆ ಸರಿಯಾಗಿ, ಪೂರ್ತಿಯಾಗಿ ರಿನ್ಯೂವಲ್ ಅರ್ಜಿ ಹಾಕಿದ್ದರೆ, ಕಚೇರಿ ತೀರ್ಮಾನ ಕೊಡುವ ತನಕ ಹಳೆಯ ಲೈಸೆನ್ಸ್ ಸಾಯುವುದಿಲ್ಲ. ಅಂದರೆ ತಡ ಕಚೇರಿಯದ್ದಾದರೆ ಅದರ ಹೊರೆಯೂ ಕಚೇರಿಯದ್ದೇ. ರಾಜ್ಯ ಬದಲಿಸುವವರಿಗೆ ಈ ರಕ್ಷಣೆ ಇಲ್ಲ. ಅವರು ಪ್ರತ್ಯೇಕ ಪರ್ಮಿಟ್ ಕೇಳಬೇಕು, ಕೆಲವು ಕಡೆ ಅದಕ್ಕೆ ಬೇರೆ ಶುಲ್ಕ ಕಟ್ಟಬೇಕು, ಅದು ಮುಗಿಯುವುದರೊಳಗೆ ಲೈಸೆನ್ಸ್ ಬರಲಿ ಅಂತ ಕಾಯಬೇಕು. ಅದೇ ತತ್ವವನ್ನು ಇಲ್ಲಿಗೂ ತಂದರೆ ಹೀಗಾಗುತ್ತದೆ. ನರ್ಸಿಸ್‌ನಲ್ಲಿ ಲೈಸೆನ್ಸ್ ಚಾಲ್ತಿಯಲ್ಲಿದೆ, ಶಿಸ್ತುಕ್ರಮ ಇಲ್ಲ, ಬೆರಳಚ್ಚು ಕೊಟ್ಟಾಗಿದೆ ಅಂದರೆ ಅರ್ಜಿ ಹಾಕಿದ 30 ದಿನಕ್ಕೆ ಪರ್ಮಿಟ್ ತಾನಾಗಿ ಬರಬೇಕು, ಬೋರ್ಡ್ ಲಿಖಿತ ಕಾರಣ ಕೊಟ್ಟು ತಡೆಯದ ಹೊರತು. ಅಂತಿಮ ತೀರ್ಮಾನ ಆಗುವ ತನಕ ಅದಕ್ಕೆ ಮುಕ್ತಾಯದ ದಿನಾಂಕ ಇರಬಾರದು. ಹಿನ್ನೆಲೆಯಲ್ಲಿ ಕಪ್ಪು ಚುಕ್ಕೆ ಇರುವವರ ಕಡತವನ್ನು ಬೋರ್ಡ್ ಎಷ್ಟು ದಿನ ಬೇಕಾದರೂ ನೋಡಲಿ. ಸಿಬ್ಬಂದಿ ಇಲ್ಲ ಅಂತ ಬೋರ್ಡುಗಳು ಹೇಳುತ್ತವೆ, ಅದು ಸುಳ್ಳಲ್ಲ. ಆದರೆ ಶುದ್ಧವಾಗಿರುವ ಅರ್ಜಿಗಳು ರಾಶಿಯಿಂದ ಹೊರಗೆ ಹೋದರೆ, ಇರುವ ಸಿಬ್ಬಂದಿಗೆ ನಕಲಿ ಡಿಪ್ಲೊಮಾ ಹುಡುಕಲು ಸಮಯ ಸಿಗುತ್ತದೆ.